ಎಡೆಗೊಂದು ಮುಖ

ಮತ್ತೆ ಮಾವಿನಕಾಯಿ, ಥತ್, ಎಡಗೆನ್ನೆಯ ಗೆರೆ ಸರಿಯಾಗಿಯೇ ಇಳಿದಿತ್ತು, ಗಲ್ಲದ ಹತ್ತಿರ ಬಲಕ್ಕೆ ತಿರುಗುವಾಗ ಕೈ ತನ್ನ ಪಾಡಿಗೆ ತಾನು ಒಂದು ಮೂತಿ ತೆಗೆದುಬಿಟ್ಟಿತು, ಇನ್ನು ಮೇಲೊಂದು ತೊಟ್ಟು, ಪಕ್ಕಕ್ಕೆರಡು ಎಲೆ ಇಟ್ಟರೆ ಮೂರನೇ ಕ್ಲಾಸಿನ ಪಾಠ ಮುಗಿಯಿತು, ಮಕ್ಕಳೆಲ್ಲ ಸ್ಲೇಟು ಎತ್ತಿ ತೋರಿಸಬಹುದು, ಮುನಿಆಂಜಿನಪ್ಪ ರಬ್ಬರು ಹಿಡಿದು ಅವ್ವನ ಗಲ್ಲವನ್ನು ಉಜ್ಜಿದ, ಉಜ್ಜಿದಷ್ಟೂ ಕಾಗದ ಬೂದಿಗಟ್ಟಿತೇ ಹೊರತು ಮಾವಿನಕಾಯಿ ಹೋಗಲಿಲ್ಲ, ಹೋಗುವುದಾದರೂ ಹೇಗೆ, ಯಲಹಂಕದ ಮಿಡ್ಲ್ ಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಸೇರಿದ ದಿನದಿಂದ ಈ ಕೈ ಬರೆದ ಮಾವಿನಕಾಯಿಗಳನ್ನೆಲ್ಲ ಮರಕ್ಕೆ ಕಟ್ಟಿದರೆ ಹೆಸರಘಟ್ಟದವರೆಗೂ ತೋಪಾಗುತ್ತದೆ, ಮಾವಿನಕಾಯಿ, ಚೆಂಬು, ಗಿಳಿ, ಬಕೆಟ್ಟು, ಮತ್ತೆ ಮಾವಿನಕಾಯಿ, ಹುಡುಗರು ಬೆನ್ನ ಹಿಂದೆ ಮಾವಿನಕಾಯಿ ಮೇಷ್ಟ್ರು ಅನ್ನುತ್ತಾರೆ, ಅನ್ನಲಿ, ಬೆನ್ನ ಹಿಂದೆ ತಾನೆ, ಆದರೆ ಇದು ಸ್ಲೇಟಲ್ಲ, ಇದು ಅವ್ವ, ನಾಳೆ ಮಹಾಲಯ ಅಮಾವಾಸ್ಯೆ — ನಾಳೆ ಎಲ್ಲಿ ಬಂತು, ಇವತ್ತೇ, ಇವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಸತ್ತವರಿಗೆ ಎಡೆ ಇಡಬೇಕು, ಎಡೆಯ ಹಿಂದೆ ಗೋಡೆಗೆ ಒರಗಿಸಿ ಅವ್ವನ ಚಿತ್ರ ಇರಬೇಕು, ಅದಕ್ಕೆ ಹಾಕುವ ಹಾರ ಆಗಲೇ ಬಂದು ಒದ್ದೆ ಬಟ್ಟೆಯೊಳಗೆ ಕೂತಿದೆ, ಹಾರ ಬಂದಿದೆ, ಮುಖ ಬಂದಿಲ್ಲ. ಎಲ್ಲ ಆ ಒಂದು ಮಾತಿನಿಂದ ಆದದ್ದು, ಗೌರಿಹಬ್ಬ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಚಿಕ್ಕಮಾರಯ್ಯ ತಟ್ಟೆಯಲ್ಲಿ ಮುದ್ದೆಯನ್ನು ತಡವಿ ಹುಡುಕುತ್ತಾ — ಎಡಗಣ್ಣು ಪೊರೆ ಬಂದು ಹೋಗಿದೆ, ಬಲಗಣ್ಣಲ್ಲಿ ಒಂದಿಷ್ಟು ಬೆಳಕು ಉಳಿದಿದೆ — ಲೋ ಆಂಜಿ, ಊರೋರ್ ಸತ್ತೋರ್ನೆಲ್ಲಾ ಬರ್ಕೊಡ್ತೀಯ, ನಿಮ್ಮವ್ವನ್ದೂ ಒಂದ್ ಬರ್ಕೊಡ್ಲಾ, ಈ ಕಣ್ಣು ಪೂರಾ ಓಗೋಕ್ ಮುಂಚೆ ಅವಳ್ ಮಕ ಒಂದ್ಸಲ ನೋಡ್ಬಿಡ್ತೀನಿ, ಅಂದ, ಮಗ ಹುಟ್ಟಿದಾಗಿನಿಂದ ಮಗನನ್ನು ಏನೂ ಕೇಳಿದವನಲ್ಲ, ಕುಡಿಯುವ ನೀರು ಬೇಕಾದರೂ ಸೊಸೆಯನ್ನೇ ಕೇಳುವ ಮನುಷ್ಯ, ಅಂಥವನು ಕೇಳಿದ, ಮನೆಯವರೆಲ್ಲ ಕೂತಿದ್ದರು, ಆಂಜಿನಪ್ಪನ ಎದೆ ಉಬ್ಬಿತು, ಅದೇನ್ ಮಹಾ ಬಿಡಪ್ಪ, ಅರ್ಧ ಗಂಟೆ ಕೆಲ್ಸ, ಎಂದುಬಿಟ್ಟ. ಆಮೇಲೆ ಕೈ ತೊಳೆದುಕೊಂಡು ಜಗಲಿಗೆ ಬಂದು ಕೂತಾಗ ಗೊತ್ತಾಯಿತು, ಅವ್ವನ ಮುಖ ಅವನಿಗೆ ನೆನಪಿಲ್ಲ.

ಹೆಂಡತಿಗೂ ಹೇಳುವ ಹಾಗಿಲ್ಲ ಇದನ್ನು, ಹೆತ್ತವಳ ಮುಖ ಮರೆತ ಡ್ರಾಯಿಂಗ್ ಮೇಷ್ಟ್ರು ಎಂದರೆ ಯಾರು ಮರ್ಯಾದೆ ಕೊಡುತ್ತಾರೆ, ಅವಳೇನು ಹಿಂದಿನ ಕಾಲದಲ್ಲಿ ಹೋದವಳೇ, ನಯಾಪೈಸೆ ಬಂದ ವರ್ಷ ಹೋದಳು, ಕೊನೆಯವರೆಗೂ ಆ ಪುಟ್ಟ ಕಾಸುಗಳನ್ನು ನಂಬದೆ ಮಕ್ಕಳಾಟಕ್ಕೆ ಮಾಡ್ಸವ್ರೆ ಕಣೋ ಎನ್ನುತ್ತಲೇ ಹೋದಳು, ಅದು ನೆನಪಿದೆ, ಆ ಮಾತಾಡಿದ ದನಿ ನೆನಪಿದೆ, ಕಾಸು ಹಿಡಿದಿದ್ದ ಅಂಗೈ, ಅಂಗೈಯ ಬಿರುಕಿನಲ್ಲಿ ಕೂತಿದ್ದ ರಾಗಿಹಿಟ್ಟು ನೆನಪಿದೆ, ಬೆರಳುಗಳನ್ನು ಬೇಕಾದರೆ ಈಗಲೇ ಬರೆದುಕೊಡುತ್ತಾನೆ, ಎಡೆಯ ಹಿಂದೆ ಬೆರಳು ಇಟ್ಟು ಹಾರ ಹಾಕಲು ಆಗುತ್ತದೆಯೇ. ಫೋಟೋ ಇಲ್ಲವೇ ಎಂದರೆ ಇದೆ, ಅದು ಇರುವುದೇ ದೊಡ್ಡ ಹಿಂಸೆ, ತಂಗಿ ಮುನಿಯಲ್ಲಮ್ಮನ ಮದುವೆಯಲ್ಲಿ ಯಶವಂತಪುರದಿಂದ ಸೈಕಲ್ಲಿನ ಮೇಲೆ ಡಬ್ಬ ಕಟ್ಟಿಕೊಂಡು ಫೋಟೋದವನು ಬಂದಿದ್ದ, ಎಲ್ಲರನ್ನೂ ಚಪ್ಪರದ ಕೆಳಗೆ ಸಾಲಾಗಿ ನಿಲ್ಲಿಸಿ, ಅಡುಗೆಮನೆಯಿಂದ ಅವ್ವನನ್ನು ಕೈಹಿಡಿದು ಎಳೆತಂದು ಅಪ್ಪನ ಕುರ್ಚಿಯ ಪಕ್ಕ ನಿಲ್ಲಿಸಿ, ಯಾರೂ ಅಲ್ಲಾಡ್ಬೇಡಿ, ಉಸ್ರು ಬಿಡ್ಬೇಡಿ, ಎಂದು ಕರೀ ಬಟ್ಟೆಯೊಳಗೆ ತಲೆ ತೂರಿಸಿದ, ಆ ಕ್ಷಣಕ್ಕೇ ಕರಿಯ ನಾಯಿ ಕಜ್ಜಾಯದ ಪುಟ್ಟಿಗೆ ಬಾಯಿ ಹಾಕಬೇಕೇ, ಹಚಾ ಎಂದು ಅವ್ವ ಓಡಿದಳು, ಡಬ್ಬ ಕ್ಲಿಕ್ಕೆಂದಿತು, ಫೋಟೋದಲ್ಲಿ ಮದುಮಕ್ಕಳಿದ್ದಾರೆ, ಬೀಗರಿದ್ದಾರೆ, ಅಪ್ಪ ಮೀಸೆ ಸಮೇತ ಇದ್ದಾನೆ, ಅವ್ವ ಇರಬೇಕಾದ ಕಡೆ ಒಂದು ಬಿಳೀ ಹೊಗೆ, ನಾಯಿ ಮಾತ್ರ ಕದಲದೆ ನಿಂತು ಕಣ್ಣು ಕಿವಿ ಎಲ್ಲ ಚೆನ್ನಾಗಿ ಬಂದಿದೆ, ಅಪ್ಪ ಬಂದವರಿಗೆಲ್ಲ ಅದನ್ನು ತೋರಿಸಿ ಇಗಾ, ಈ ಬೆಳ್ಳಗಿರೋದೇ ನಮ್ಮ ಸೊಣ್ಣಮ್ಮ ಅನ್ನುತ್ತಿದ್ದ. ಮುಖವೊಂದು ಬಿದ್ದಿದ್ದರೆ ಸಾಕಿತ್ತು, ಆಂಜಿನಪ್ಪನಿಗೆ ಚೌಕದ ವಿದ್ಯೆ ಗೊತ್ತು, ಸಣ್ಣ ಫೋಟೋದ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆಯುವುದು, ದೊಡ್ಡ ಕಾಗದದ ಮೇಲೆ ಅಷ್ಟೇ ಚೌಕ ದೊಡ್ಡದಾಗಿ ಎಳೆಯುವುದು, ಅಲ್ಲಿಯ ಮನೆಯಲ್ಲಿ ಏನಿದೆಯೋ ಅದನ್ನು ಇಲ್ಲಿಯ ಮನೆಗೆ ಸಾಗಿಸುವುದು, ಕೊಡಿಗೇಹಳ್ಳಿಯ ಸತ್ತವರೆಲ್ಲ ಹಾಗೆ ಅವನ ಕೈಯಲ್ಲಿ ದೊಡ್ಡವರಾಗಿ ಅವರವರ ನಡುಮನೆಯಲ್ಲಿ ನೇತಾಡುತ್ತಿದ್ದಾರೆ, ಹೋದ ವಾರ ಈ ಮದುವೆ ಫೋಟೋಗೂ ಚೌಕ ಎಳೆದು ನೋಡಿದ, ಅವ್ವನ ಪಾಲಿನ ಚೌಕಗಳಲ್ಲಿ ಸಾಗಿಸುವುದಕ್ಕೆ ಏನೂ ಇರಲಿಲ್ಲ.

ಕಣ್ಣು ಮುಚ್ಚಿದರೆ ಬರುತ್ತಾಳೆ, ಬರುವುದಿಲ್ಲವೆಂದಲ್ಲ, ಬರುವ ರೀತಿ ಮಾತ್ರ ಯಾರ ಮುಂದೆಯೂ ಇಡುವಂಥದ್ದಲ್ಲ, ಊದುಗೊಳವೆ ತುಟಿಗಿಟ್ಟುಕೊಂಡು, ಎರಡೂ ಕೆನ್ನೆ ಉಬ್ಬಿಸಿಕೊಂಡು, ಹೊಗೆಗೆ ಒಂದು ಕಣ್ಣು ಮುಚ್ಚಿಕೊಂಡು, ಅಷ್ಟೇ, ಅದೊಂದೇ, ಛೆ, ಇದನ್ನು ಗೋಡೆಗೆ ಹಾಕುತ್ತಾರೆಯೇ, ಬೇರೆಯವರ ಅವ್ವಂದಿರು ಹಣೆ ತುಂಬ ಕುಂಕುಮ ಇಟ್ಟುಕೊಂಡು ಕ್ಯಾಲೆಂಡರಿನ ಲಕ್ಷ್ಮಿಯಂತೆ ನೆಟ್ಟಗೆ ಕೂತಿರುತ್ತಾರೆ, ಕೈಯಲ್ಲಿ ಒಂದು ಗುಲಾಬಿ, ಅವನೇ ಬರೆದ ಗುಲಾಬಿ, ಅವ್ವ ಗುಲಾಬಿ ಹಿಡಿದದ್ದು ಯಾವತ್ತು, ಹೋಗಲಿ ಕೊಳವೆ ತೆಗೆದುಬಿಡೋಣ ಎಂದು ಮನಸ್ಸಿನಲ್ಲೇ ಕೊಳವೆ ಕಿತ್ತರೆ ಕೆನ್ನೆಯ ಗಾಳಿಯೆಲ್ಲ ಹೋಗಿ ಮುಖವೇ ಹೋಗುತ್ತದೆ, ಬಿಳೀ ಹೊಗೆ, ನಾಯಿ, ಮತ್ತೆ ಮೊದಲಿನಿಂದ ಕೊಳವೆ, ಕೆನ್ನೆ, ಒಂದು ಕಣ್ಣು. ಬೆಳಗಾಗೆದ್ದರೆ ಅದೇ, ಹಸಿ ಸೌದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ, ಅಪ್ಪ ಇದೇ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ಒಳಗೆ ಕೂಗುತ್ತಿದ್ದ, ಒಲೆ ಅತ್ಕಂತಾ, ಸೊಣ್ಣೀ, ಒಂದು ಸಲ ಕೂಗಿ ಸುಮ್ಮನಿರುವವನಲ್ಲ, ಅವಳಿಗೆ ಬಾಯಿ ತುಂಬ ಗಾಳಿ, ಉತ್ತರ ಹೇಗೆ ಕೊಡುತ್ತಾಳೆ, ಹೂಂ ಎಂದರೆ ಆ ಹೂಂ ಕೊಳವೆಯಲ್ಲಿ ಹಾದು ಬೂದಿಯಾಗಿ ಹಾರುತ್ತಿತ್ತು, ಆಂಜಿನಪ್ಪ ಒಲೆಯ ಪಕ್ಕ ಕೂತು ಆರಿದ ಇದ್ದಿಲು ಹೆಕ್ಕಿಕೊಂಡು ಗೋಡೆಗೆ ಕೋಳಿ ಬರೆಯುತ್ತಿದ್ದ, ಸುಣ್ಣ ಬಳಿದ ಹೊಸ ಗೋಡೆ, ಅದನ್ನು ನೋಡಿ ಅವ್ವ ಬಯ್ಯಲಿಲ್ಲ, ಯಾಕ್ಲಾ ಒಂದೇ ಕಾಲು ಅಂದಳು, ಇನ್ನೊಂದನ್ನು ಮಡಚಿಕೊಂಡಿದೆ ಅಂದ, ಓ ಅಂದಳು, ಮುಂದಿನ ವರ್ಷ ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಕೋಳಿಯನ್ನು ಬಿಟ್ಟು ಸುತ್ತ ಬಳಿದಳು, ಅದರ ಮುಂದಿನ ವರ್ಷವೂ, ಗೋಡೆ ಬಿದ್ದು ಸಿಮೆಂಟಿನದು ಏಳುವವರೆಗೂ ಆ ಒಂಟಿಕಾಲಿನ ಕೋಳಿ ಅಲ್ಲೇ ಇತ್ತು, ಅವನನ್ನು ಮೊದಲು ಡ್ರಾಯಿಂಗ್ ಮೇಷ್ಟ್ರು ಮಾಡಿದವಳೇ ಅವಳು, ಟ್ರೈನಿಂಗು ಸರ್ಟಿಫಿಕೇಟು ಎಲ್ಲ ಆಮೇಲೆ. ಅವಳ ಮುಖ ಬರುತ್ತಿಲ್ಲವಲ್ಲ ಎಂದು ಆಂಜಿನಪ್ಪನಿಗೆ ನಾಚಿಕೆಯಾಯಿತು.

ಯಲಹಂಕದ ಕಡೆಯಿಂದ ರೈಲು ಕೂಗಿತು, ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು, ಅಣ್ಣಾ ನನ್ನ ನೋಡ್ಕೊಂಡ್ ಬರಿ, ಎಂದು ಮುನಿಯಲ್ಲಮ್ಮ ಎದುರಿಗೇ ಬಂದು ಕೂತಳು, ಗಂಡನ ಮನೆಯಿಂದ ಹಬ್ಬಕ್ಕೆ ಬಂದವಳು, ಹೊಸ ಸೀರೆ, ಎಲ್ರೂ ನನ್ಗೆ ಅವ್ವನ ಮೂಗೇ ಬಂದೈತೆ ಅಂತಾರೆ, ಅನ್ನುತ್ತಾ ಮೂಗನ್ನು ಸ್ವಲ್ಪ ಮೇಲಕ್ಕೆ ಎತ್ತಿಕೊಂಡಳು, ಯಾರೂ ಹಾಗೆ ಅಂದದ್ದನ್ನು ಆಂಜಿನಪ್ಪ ಕೇಳಿಲ್ಲ, ಆದರೂ ಮುಳುಗುವವನಿಗೆ ಮೂಗಾದರೂ ಸಿಕ್ಕಿತಲ್ಲ ಎಂದು ಹೊಸ ಕಾಗದ ತೆಗೆದ, ನಡುಗೆರೆ ಎಳೆದ, ಮೂಗು ಇಟ್ಟ, ಅಲ್ಲಾಡಬೇಡ ಅಂದ, ಅವಳು ಅಲ್ಲಾಡಲಿಲ್ಲ, ಬಾಯಿ ಮಾತ್ರ ನಿಲ್ಲಲಿಲ್ಲ, ಅತ್ತಿಗೆ ವಡೆಗೆ ಉಪ್ಪು ಜಾಸ್ತಿ ಹಾಕಿದ್ದು, ಅಪ್ಪ ಬೆಳಗಿನಿಂದ ಹಲ್ಲುಜ್ಜಿ ಒಗೆದ ಪಂಚೆ ಉಟ್ಟು ಮದುಮಗನ ಹಾಗೆ ಕಾಯುತ್ತಿರುವುದು, ಕಾಯುತ್ತಿದ್ದಾನೆಯೇ, ಹೂಂ ಕಣಣ್ಣಾ, ಬೆಳ್ಕಿರೋವಾಗ್ಲೇ ತೋರ್ಸು ಅಂತಾ ಅವ್ನೆ, ದೀಪದಾಗೆ ಕಣ್ಣು ಕಾಣ್ಸಲ್ವಂತೆ, ಆಂಜಿನಪ್ಪ ಅವಸರಕ್ಕೆ ಬಿದ್ದ, ಆದರೆ ಏನಾಶ್ಚರ್ಯ, ಈ ಸಲ ಗಲ್ಲ ಮಾವಿನಕಾಯಿ ಆಗಲಿಲ್ಲ, ಹಣೆ ಬಂತು, ಹುಬ್ಬು ಬಂತು, ದಪ್ಪ ಮೂಗುತಿ ಬಂತು, ಕಣ್ಣು ನೆಟ್ಟಗೆ ನೋಡಿತು, ಪೆನ್ಸಿಲು ಎಲ್ಲೂ ನಿಲ್ಲದೆ ಓಡಿತು, ಇಷ್ಟು ದಿನ ಎಲ್ಲಿ ಅಡಗಿದ್ದೆಯೇ ಅವ್ವಾ ಎಂದು ಅವನಿಗೆ ಕಣ್ಣು ತುಂಬಿ ಬಂತು, ಅಷ್ಟರಲ್ಲಿ ಒಳಗಿನಿಂದ ಬಂದ ಗೋಪಾಲಮ್ಮ, ಅಪ್ಪನ ತಂಗಿ, ಬಾಯಿಯ ಎಲೆಯಡಿಕೆ ಉಗಿಯುವುದನ್ನೂ ಮರೆತು ಕಾಗದಕ್ಕೆ ಬಗ್ಗಿ ನೋಡಿ ಅಯ್ಯಯ್ಯಪ್ಪಾ ಎಂದು ಎದೆ ಮುಟ್ಟಿಕೊಂಡಳು, ಲೋ ಮುಂಡೇದೇ, ಇದು ಮುನಿಕೆಂಪಮ್ಮ ಅಲ್ವೇನೋ. ಮುನಿಕೆಂಪಮ್ಮ, ಪಕ್ಕದ ಮನೆಯವಳು, ಗೋಡೆಯ ಪಕ್ಕದ ನುಗ್ಗೆಮರ ಯಾರದು ಎಂದು ಅವ್ವ ಬದುಕಿದ್ದಷ್ಟು ಕಾಲ ಅವಳ ಜೊತೆ ಜಗಳ ಕಾದವಳು, ಅವ್ವ ಹೋದ ಮೇಲೆ ಜಗಳಕ್ಕೆ ಯಾರೂ ಸಿಗದೆ ಸೊರಗಿ ಒಂದೆರಡು ವರ್ಷಕ್ಕೆ ತಾನೂ ಹೋದವಳು, ಅವಳ ಮಗ ಬೈರಣ್ಣ ಸಣ್ಣ ಫೋಟೋ ತಂದುಕೊಟ್ಟಾಗ ಚೌಕ ಎಳೆದು ದೊಡ್ಡದು ಮಾಡಿಕೊಟ್ಟವನು ಇದೇ ಆಂಜಿನಪ್ಪ, ಇದೇ ಕೈ, ಕೈ ನೆನಪಿಟ್ಟುಕೊಂಡಿತ್ತು, ಕೈಯನ್ನು ಬಯ್ಯುವುದೇಕೆ, ಮುನಿಕೆಂಪಮ್ಮ ಜಗಳಕ್ಕೆ ಬಂದಾಗ ಮನೆಮಂದಿಯೆಲ್ಲ ಅವಳ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು, ಅವ್ವನನ್ನು ಯಾರು ನೋಡಿದರು, ಮುದ್ದೆ ಬಂದಾಗ ಮುದ್ದೆಯನ್ನು ನೋಡಿದರು, ಸಾರು ಬಂದಾಗ ಸಾರನ್ನು ನೋಡಿದರು.

ಗೋಪಾಲಮ್ಮ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು, ನೀನ್ ಓದ್ದೋನು, ನಿಂಗ್ ಗೊತ್ತಾಗಲ್ಲ, ಎಡೆ ಇಕ್ಕಿ ಬಾಗ್ಲಾಕ್ಕೊಂಡ್ ನಾವೆಲ್ಲಾ ಆಚೆ ಬತ್ತೀವಿ, ಅವಾಗ ಅವ್ರು ಒಳೀಕ್ ಬಂದು ಉಣ್ಣೋದು, ಗೋಡೇಗೆ ಇವಳ್ ಮಕ ಇದ್ರೆ ಇವಳೇ ಬಂದು ಕೂತ್ಕತಾಳೆ, ನಮ್ಮತ್ತಿಗೆ ಬಾಗ್ಲಾಗೆ ನಿಂತಿರ್ಬೇಕು, ಹಬ್ಬದ ದಿವ್ಸ ಅಲ್ಲೇ ಜಗಳ ಸುರು ಆಯ್ತದೆ ಕಣೋ. ಅಂಥದ್ದನ್ನೆಲ್ಲ ಆಂಜಿನಪ್ಪ ನಂಬುವವನಲ್ಲ, ಸೈನ್ಸು ಮೇಷ್ಟ್ರ ಜೊತೆ ಸ್ಟಾಫ್ ರೂಮಿನಲ್ಲಿ ಕೂತು ನಗಾಡುವವನು, ಆದರೂ ಮುನಿಕೆಂಪಮ್ಮ ಚಕ್ಕಂಬಕ್ಕಳ ಹಾಕಿ ಕೂತು ಅವ್ವನ ಪಾಲಿನ ಕೋಳಿಸಾರು ಸೊರ್ ಎಂದು ಎಳೆಯುವುದು ಕಣ್ಣಿಗೆ ಕಟ್ಟಿತು, ಮೈಯೆಲ್ಲ ಉರಿಯಿತು, ಹರಿದು ಹಾಕುತ್ತೇನೆ ಅಂದ, ಅಯ್ಯೋ ಇವತ್ತಿನ ದಿನ ಸತ್ತವಳ ಮಕ ಹರಿತಾರಾ ಎಂದು ತಂಗಿ ಕೈ ಹಿಡಿದಳು, ಒಲೆಗೆ ಹಾಕುತ್ತೇನೆ ಅಂದ, ಆ ಒಲೇಲೇ ಎಡೆ ಅಡುಗೆ ಬೇಯ್ತಾ ಐತೆ ಎಂದು ಅತ್ತೆ ಅಡ್ಡ ಬಂದಳು, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಬಿಸಾಕುವ ಹಾಗಿಲ್ಲ, ಕೊನೆಗೆ ಆಂಜಿನಪ್ಪ ಕಾಗದ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗಿ, ಬೈರಣ್ಣ, ಇದು ನಿಮ್ಮವ್ವಂದು, ಹಬ್ಬಕ್ಕೆ ಅಂತ ಇನ್ನೊಂದು ಬರೆದೆ, ಎಂದು ಬಾಯಿಗೆ ಬಂದ ಸುಳ್ಳು ಹೇಳಿದ, ಬೈರಣ್ಣ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡ, ಮೇಷ್ಟ್ರೇ, ನಮ್ಮವ್ವ ನಿಮ್ಮವ್ವನ್ನ ಎಷ್ಟ್ ಬಯ್ದವ್ಳೆ, ಅದ್ನೆಲ್ಲಾ ಮನ್ಸಿನಾಗ್ ಇಟ್ಕೊಳ್ದೆ ಬರ್ಕೊಟ್ರಲ್ಲ, ಅಂದು, ಸುಮ್ಮನೆ ಕಳಿಸಬಾರದೆಂದು ಕುಡುಗೋಲು ಕಟ್ಟಿದ ಗಳು ತಂದು ಅದೇ ಮರದಿಂದ, ಅದೇ ಜಗಳದ ಮರದಿಂದ, ಒಂದು ಹೊರೆ ನುಗ್ಗೆಕಾಯಿ ಕುಯ್ದು ತಬ್ಬಿಸಿ ಕಳಿಸಿದ. ಅಷ್ಟು ವರ್ಷ ಅವ್ವ ಬಾಯಿ ನೋಯಿಸಿಕೊಂಡರೂ ಗೋಡೆ ದಾಟಿ ಬಾರದ ನುಗ್ಗೆಕಾಯಿ, ಹೆಂಡತಿ ವೆಂಕಟಲಕ್ಷ್ಮಮ್ಮ ಏನೂ ಕೇಳದೆ ಸಾರಿಗೆ ಹಾಕಿದಳು. ಆಂಜಿನಪ್ಪನಿಗೆ ಒಳಗೊಳಗೇ ನಗು ಬಂತು, ಅವ್ವಾ, ಗೆದ್ದೆ ಕಣೇ, ಎಂದು ಯಾರಿಗೂ ಕೇಳದ ಹಾಗೆ ಅಂದ, ಅನ್ನುವಾಗ ಎದುರಿಗೆ ಮುಖ ಇಲ್ಲ, ಯಾರಿಗೆ ಹೇಳಿದ ಹಾಗಾಯಿತು, ಕೊಳವೆ, ಕೆನ್ನೆ, ಒಂದು ಕಣ್ಣು, ತೊಲಗು ಅತ್ತ, ಮೊದಲು ಮುಖ ತೋರಿಸು.

ಅಂಗಳದ ಬಿಸಿಲು ಗೋಡೆ ಹತ್ತುತ್ತಿದೆ, ಉಳಿದಿರುವುದು ಒಂದೇ ಕಾಗದ, ನಡುಮನೆಯಲ್ಲಿ ಅಪ್ಪನ ಕೋಲು ಟಕ್ ಟಕ್ ಎಂದು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗುತ್ತದೆ, ಆಯ್ತೇನ್ಲಾ ಎಂದು ಕೇಳುವುದಿಲ್ಲ, ಕೇಳಿದ್ದರೆ ರೇಗಬಹುದಿತ್ತು, ಕೇಳದೆ ಕಾಯುವವನನ್ನು ಏನು ಮಾಡುವುದು, ಅಪ್ಪಾ ನನಗೆ ಬರುವುದು ಮಾವಿನಕಾಯಿ ಮಾತ್ರ ಎಂದು ಹೇಳಿಬಿಡೋಣ ಎಂದು ಎದ್ದ, ಎದ್ದವನು ನಡುಮನೆಗೆ ಹೋಗದೆ ಅಡುಗೆಮನೆಗೆ ಹೋದ, ಅಲ್ಲಿ ಹೊಗೆಯೋ ಹೊಗೆ, ನಿನ್ನೆಯ ಮಳೆಗೆ ನೆನೆದ ಸೌದೆ, ವೆಂಕಟಲಕ್ಷ್ಮಮ್ಮ ಕೊಳವೆ ಹಿಡಿದು ಊದುತ್ತಿದ್ದಾಳೆ, ಅದೇ ಕೊಳವೆ, ಅವ್ವ ಹಿಡಿದು ಹಿಡಿದು ನುಣುಪಾದ ಹಿತ್ತಾಳೆಯದು, ಹೆಂಡತಿಯ ಕೆನ್ನೆ ಉಬ್ಬಿವೆ, ಕಣ್ಣು ಮುಚ್ಚಿದೆ — ಎರಡೂ ಮುಚ್ಚಿವೆ, ಅಲ್ಲ, ಅವ್ವ ಎರಡೂ ಮುಚ್ಚುತ್ತಿರಲಿಲ್ಲ, ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಿಟ್ಟು ಒಲೆಯ ಪಕ್ಕ ಕೂತಿದ್ದವನನ್ನು ನೋಡುತ್ತಿದ್ದಳು, ಕಿಡಿ ಹಾರಿ ಮೇಲೆ ಬಿದ್ದೀತು ಎಂದು, ಅವನನ್ನು, ಅವನ ಕೋಳಿಯನ್ನು, ಆ ಒಂದು ಕಣ್ಣಲ್ಲಿ. ಏನ್ರೀ ಬೇಕಿತ್ತು ಎಂದು ಹೆಂಡತಿ ಕೆಮ್ಮಿದಳು, ಇದ್ದಿಲು ಅಂದ, ಆರಿದ್ದನ್ನು ಹೆಕ್ಕಿಕೊಂಡು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕಾಗದ ಹಾಸಿದ, ನಡುಗೆರೆ ಎಳೆಯಲಿಲ್ಲ, ಚೌಕ ಎಳೆಯಲಿಲ್ಲ, ಕೆನ್ನೆ ಇಟ್ಟ, ಇನ್ನೊಂದು ಕೆನ್ನೆ ಇಟ್ಟ, ಎರಡೂ ಮಾವಿನಕಾಯಿಗಳೇ, ಆಗಲಿ, ಇಷ್ಟು ದಿನ ಅಭ್ಯಾಸ ಮಾಡಿದ್ದು ಇದಕ್ಕೇ ಎಂದು ತೋರಿತು, ಸುಕ್ಕಿನೊಳಗೆ ಮುಚ್ಚಿದ ಕಣ್ಣು, ತೆರೆದ ಕಣ್ಣು, ಹಣೆಗೆ ಅಂಟಿದ ಬೂದಿಗೆ ಬೆರಳಲ್ಲೇ ಉಜ್ಜಿದ, ಮುಗಿಯಿತು, ಸಾರು ಕುದಿ ಬರುವಷ್ಟೂ ಹೊತ್ತಾಗಲಿಲ್ಲ. ತಂಗಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು, ಅಣ್ಣಾ ಜನ ನಗಾಡ್ತಾರೆ, ಗೋಪಾಲಮ್ಮ ನೋಡಿ ಅತ್ತಿಗೇನೇ ಕಣೋ, ದಿಟ ಅತ್ತಿಗೇನೇ, ಆದ್ರೆ ಇಂಗ್ ಊದ್ಕಂತಾ ಕೂತ್ರೆ ಪಾಪ ಉಣ್ಣೋದ್ ಯಾವಾಗ, ಅನ್ನುತ್ತಾ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು, ಕೋಲು ಟಕ್ ಟಕ್ ಎಂದು ಬಂತು, ಅಪ್ಪ ಕಾಗದವನ್ನು ಕೈಗೆ ತಗೊಂಡು ಹಿತ್ತಲ ಬಾಗಿಲಿನ ಬೆಳಕಿಗೆ ಹಿಡಿದ, ದೂರ ಹಿಡಿದ, ಹತ್ತಿರ ಹಿಡಿದ, ಮೂಗಿಗೆ ತಗುಲುವಷ್ಟು ಹತ್ತಿರ, ಮೂಗಿನ ತುದಿಗೆ ಇದ್ದಿಲು ಹತ್ತಿತು, ಬಲಗಣ್ಣನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಮೆಲ್ಲಗೆ ನಡೆಸಿದ, ಯಾರೂ ಅಲ್ಲಾಡುತ್ತಿಲ್ಲ, ಉಸಿರು ಬಿಡುತ್ತಿಲ್ಲ, ಅಪ್ಪನ ತುಟಿ ಅದುರಿತು, ಬಯ್ಯುತ್ತಾನೆ, ಈಗ ಬಯ್ಯುತ್ತಾನೆ, ಅಪ್ಪ ಕಾಗದಕ್ಕೆ ಕೇಳಿದ, ಜಗಲಿಯಿಂದ ಕೂಗುತ್ತಿದ್ದ ಅದೇ ದನಿಯಲ್ಲಿ ಕೇಳಿದ, ಒಲೆ ಅತ್ಕಂತಾ, ಸೊಣ್ಣೀ, ಕೇಳಿ ಸುಮ್ಮನಾದ, ಉತ್ತರಕ್ಕೆ ಕಿವಿ ಕೊಟ್ಟು ನಿಂತ, ಆಂಜಿನಪ್ಪನೂ ಕಿವಿ ಕೊಟ್ಟ, ಅವಳು ಹೇಗೆ ಹೇಳುತ್ತಾಳೆ, ಬಾಯಿ ತುಂಬ ಗಾಳಿ ಇದೆ, ಕೊಳವೆ ತುಟಿಯಲ್ಲಿದೆ, ಕೆನ್ನೆ ಎರಡೂ ಉಬ್ಬಿವೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಕಣ್ಣು ಒಲೆಯ ಪಕ್ಕ ಕೂತ ಅವನನ್ನೇ…